ಮಾಲೆ ಹಾಕುವಾಗ ಕೇಳಿದ ಪ್ರಶ್ನೆ

ಮಾನ್ಯ ಕುಲಪತಿಗಳೇ,

ನನಗೆ ಇನ್ನೊಂದು ಶಾಲು ಬೇಡ. ಸೋಮವಾರದ ‘ಮಾರ್ಗದರ್ಶಕರ ಸಂಭ್ರಮ’ಕ್ಕೆ ತಾವು ಕಳಿಸಿದ ಆಮಂತ್ರಣ ತಲುಪಿದೆ. ಉದ್ಘಾಟನೆಗೆ ಒಂದು ಶಾಲು ಹೊದಿಸಿದಿರಿ, ಗುರುವಂದನೆಗೆ ಒಂದು, ಸಮಾವೇಶ ಅಂತ ಮತ್ತೊಂದು. ರಾಮತೀರ್ಥ ನಗರದ ನಮ್ಮ ಮನೆಯಲ್ಲಿ ಅಷ್ಟು ಚಳಿ ಇಲ್ಲ ಸ್ವಾಮಿ. ಇಷ್ಟೆಲ್ಲ ಸಡಗರದ ನಡುವೆ, ತಮ್ಮ ಮಾರ್ಗದರ್ಶನ ಯೋಜನೆಯಲ್ಲಿ ತಾವು ನನಗೆ ಒಪ್ಪಿಸಿದ ವಿದ್ಯಾರ್ಥಿನಿಯ ಜೊತೆ ಕುಳಿತು ಮಾತಾಡಲು ನನಗೆ ಒಂದು ಗಂಟೆ ಸಿಕ್ಕಿಲ್ಲ ಎಂಬುದು ತಮಗೆ ಗೊತ್ತೇ?

ನಾನು ಮಚ್ಛೆಯಲ್ಲಿ ಕಬ್ಬಿಣ ಕರಗಿಸಿ ಅಚ್ಚಿಗೆ ಹೊಯ್ಯುವ ಒಂದು ಫೌಂಡ್ರಿಯಲ್ಲಿ ಎರಕದ ಗುಣಮಟ್ಟ ನೋಡುವ ಎಂಜಿನಿಯರ್. ವಿದ್ಯಾರ್ಥಿನಿ ಪೂರ್ಣಿಮಾ, ಖಾನಾಪುರ ತಾಲೂಕಿನ ಪಾರಿಶ್ವಾಡದವಳು, ಮೆಕ್ಯಾನಿಕಲ್ ಕೊನೆಯ ವರ್ಷ. ತಮ್ಮ ವ್ಯವಸ್ಥೆಯಲ್ಲಿ ನಾನು ವೇದಿಕೆಯ ಮೇಲೆ, ಅವಳು ಕೆಳಗೆ. ಅವಳು ಮೇಲೆ ಬರಬೇಕಾದರೆ ನನಗೆ ಮಾಲೆ ಹಾಕಲಿಕ್ಕೆ ಮಾತ್ರ ಬರಬೇಕು. ಜಾಣ ಹುಡುಗಿ, ಗುರುವಂದನೆಯ ದಿನ ಆ ಹೊತ್ತನ್ನೇ ಹಿಡಿದಳು. ಮಾಲೆ ಕೊರಳಿಗೆ ಬೀಳುವಷ್ಟರಲ್ಲಿ ಮೆಲ್ಲಗೆ ಕೇಳಿದಳು:

“ಮೇಡಂ, ನಾ ಇನ್ನೂ ಫೌಂಡ್ರಿ ಕಣ್ಣಿಲೆ ನೋಡಿಲ್ರೀ. ಮುಂದಿನ ವಾರ ಇಂಟರ್‌ವ್ಯೂ ಐತಿ. ಒಂದಿನ ನಿಮ್ಮ ಕಡೆ ಬರ್ಲೇನ್ರಿ?”

ನಾಳೆಯೇ ಬಾ ಎಂದೆ. ಫೋಟೋದವನು ಇಬ್ಬರಿಗೂ ಈ ಕಡೆ ನೋಡಿ ನಗಲು ಹೇಳಿದ. ನಕ್ಕೆವು. ನಮ್ಮಿಬ್ಬರ ನಡುವೆ ನಡೆದ ಮಾರ್ಗದರ್ಶನ ಅಷ್ಟೇ.

ಮರುದಿನ ಅವಳು ಬರಲಿಲ್ಲ. ಮಾರ್ಗದರ್ಶಕರನ್ನು ಆವರಣದ ಹೊರಗೆ ಭೇಟಿಯಾಗುವುದು ಯೋಜನೆಯಲ್ಲಿಲ್ಲ ಎಂದು ತಮ್ಮ ಮಾರ್ಗದರ್ಶನ ಕೋಶದವರು ತಡೆದರಂತೆ. ಎಂಥ ಕಾಳಜಿ ಅಂತೀನಿ! ಹಾಗಾದರೆ ನಾನೇ ಬರುತ್ತೇನೆ ಎಂದರೆ, ಸಭಾಂಗಣ ಮುಂದಿನ ಸಮಾರಂಭದ ತಾಲೀಮಿಗೆ ಮೀಸಲು ಎಂದರು. ಬಂದಿದ್ದರೂ ಏನು, ಫೌಂಡ್ರಿಯನ್ನು ತಲೆಯ ಮೇಲೆ ಹೊತ್ತು ತರುತ್ತಿದ್ದೆನೇ? ಸಂದರ್ಶನದಲ್ಲಿ, ಎರಕದಲ್ಲಿ ಗಾಳಿಗುಳ್ಳೆ ಬಂದರೆ ಮೊದಲು ಏನು ನೋಡುತ್ತೀ ಎಂದು ಕೇಳಿದರು. ಅವಳು ಪುಸ್ತಕದ ವ್ಯಾಖ್ಯೆ ಒಪ್ಪಿಸಿ ಬಂದಳು. ಕೆಲಸ ಕೈತಪ್ಪಿತು. ಅಷ್ಟರಲ್ಲಾಗಲೇ ಪತ್ರಿಕೆಯಲ್ಲಿ ನಮ್ಮ ಫೋಟೋ ನೋಡಿ, ಅವಳ ತಾಯಿ ಗೌರವ್ವ ಓಣಿಗೆಲ್ಲ ಪೇಢೆ ಹಂಚಿಬಿಟ್ಟಿದ್ದರು. ಫೋನಿನಲ್ಲಿ ನನ್ನನ್ನೇ ಕೇಳಿದರು:

“ಫೋಟೋದಾಗ ನಿಮ್ಮ ಬಾಜೂಕ ನಿಂತಾಳಲ್ರೀ ಅಕ್ಕಾರ, ಮತ್ತ ನೌಕರಿ ಯಾಕ ಸಿಗಲಿಲ್ರೀ?”

ಆ ಪ್ರಶ್ನೆಯನ್ನು ತಮಗೆ ದಾಟಿಸುತ್ತಿದ್ದೇನೆ, ಮೈಕು ಸಿಕ್ಕಾಗ ಉತ್ತರಿಸಿ.

ಈಗ ಇನ್ನೊಂದು ಕಂಪನಿ ಅವಳನ್ನು ಮಂಗಳವಾರ ಕರೆದಿದೆ. ಸೋಮವಾರ ತಮ್ಮ ಸಂಭ್ರಮ, ಪ್ರಾರ್ಥನೆಗೆ ಪೂರ್ಣಿಮಾಳನ್ನೇ ಗೊತ್ತುಮಾಡಿದ್ದೀರಿ. ಕಂಠ ಚೆನ್ನಾಗಿದೆಯಂತೆ. ಗುರು-ಶಿಷ್ಯರ ಬಾಂಧವ್ಯ ಕುರಿತು ಗಂಟೆಗಟ್ಟಲೆ ಭಾಷಣ ಮಾಡಿಸುವ ತಮಗೆ, ಆ ಇಬ್ಬರೂ ಎಂದಾದರೂ ಎದುರುಬದುರು ಕೂರಬೇಕೆಂದು ಹೊಳೆಯಲೇ ಇಲ್ಲವೇ? ನನ್ನ ಬೇಡಿಕೆ ಸಣ್ಣದು. ಸೋಮವಾರ ಆ ಹುಡುಗಿಯನ್ನು ಬಿಟ್ಟುಕೊಡಿ. ಅವಳು ಮಚ್ಛೆಗೆ ಬರಲಿ, ಕೆಟ್ಟ ಎರಕವನ್ನು ತಾನೇ ಒಡೆದು ಒಳಗೆ ನೋಡಲಿ, ತಲೆಗೆ ಬಂದದ್ದನ್ನೆಲ್ಲ ನನ್ನನ್ನು ಕೇಳಲಿ. ವೇದಿಕೆಯ ಮೇಲೆ ನನ್ನ ಕುರ್ಚಿ ಖಾಲಿ ಇರುತ್ತದೆ. ಶಾಲನ್ನು ಅದಕ್ಕೇ ಹೊದಿಸಿ, ಫೋಟೋ ತೆಗೆಸಿ. ಇದುವರೆಗೆ ಅಲ್ಲಿ ಕುಳಿತು ನಾನು ಮಾಡಿದಷ್ಟನ್ನು ಆ ಕುರ್ಚಿಯೂ ಮಾಡುತ್ತದೆ.

ಇಂತಿ,
ಫೋಟೋದಲ್ಲಿ ಮಾತ್ರ ಮಾರ್ಗದರ್ಶಕಿಯಾದ
ಮುಗ್ಧಾ
ರಾಮತೀರ್ಥ ನಗರ, ಬೆಳಗಾವಿ