ಕೆರೆಯಲ್ಲಿ ಸಿಕ್ಕ ಮುಚ್ಚಳ

ಮೇ ೧೮, ಭಾನುವಾರ. ಸುರಪುರ.

ನಮ್ಮ ಕೆರೆ ಉಳಿಸುವ ಸಂಘಕ್ಕೆ ಇವತ್ತು ಹೊಸ ಅಧ್ಯಕ್ಷೆ ಗೊಲ್ಲಾಳಮ್ಮ ಬಂದರು. ನಾರಾಯಣಪುರದ ಡ್ಯಾಮಿನಲ್ಲಿ ದುಡಿದು ನಿವೃತ್ತರಾದವರು. ಹಾರ ಹಾಕುವ ಮೊದಲೇ ಕೇಳಿದರು: "ತೆಗದ ಹೂಳು ಎಲ್ಲಿ ಹಾಕ್ತೀರಿ?"

"ದಂಡಿ ಮ್ಯಾಲೇರಿ," ಎಂದೆ ಹೆಮ್ಮೆಯಿಂದ. ಹನ್ನೊಂದು ಬೇಸಿಗೆ ಅಲ್ಲಿ ಹಾಕಿಸಿದವನು ನಾನೇ.

ಸೀರೆ ಎತ್ತಿ ಕಟ್ಟಿ ಕೆಸರಿಗೇ ಇಳಿದುಬಿಟ್ಟರು. ಗುದ್ದಲಿ ಹಾಕಿದ ಕಡೆ ಠಣ್ ಎಂದಿತು. ನನ್ನ ಬುತ್ತಿ ಡಬ್ಬಿಯ ಮುಚ್ಚಳ! ಹೆಂಡತಿ ಶಿವರಂಜನಿಯ ಹೆಸರು ಕೊರೆಸಿದ್ದು. ಹೋದ ವರ್ಷ ದಂಡೆಯ ಮೇಲೆ ಉಣ್ಣುವಾಗ ಆ ಹೂಳಿನ ರಾಶಿಯಲ್ಲೇ ಕಳೆದುಹೋಗಿತ್ತು.

"ಮಳಿ ಬಂದಾಗ ಎಲ್ಲಾ ವಾಪಸ್ ಕೆರಿಗೇ ಬಂದೈತ್ರಿ," ಎಂದರು ಮೆಲ್ಲಗೆ.

ಹನ್ನೊಂದು ವರ್ಷ ಅದೇ ಮಣ್ಣು ಎತ್ತಿದ್ದೇವೆ.

ಮುಚ್ಚಳ ಕಂಡು ಮನೆಯವಳಿಗೆ ಖುಷಿಯೋ ಖುಷಿ. "ಎಲ್ಲಿ ಸಿಕ್ತ್ರಿ ಇದು?" ಎಂದು ಮೂರು ಸಲ ಕೇಳಿದಳು. ಕೆರೆಯೊಳಗೆ ಅಂತ ನಾನು ಇನ್ನೂ ಹೇಳಿಲ್ಲ.