ನಾಯಿಗೆ ಮಂಜೂರಾದ ಕುರ್ಚಿ

ಆರ್ಮಡೇಲ್, ಪರ್ತ್
ಮೇ ೨೮, ಬುಧವಾರ ಸಂಜೆ

ಪರಮಪೂಜ್ಯರೂ ಕೆಂಪುಧೂಳಿನ ಶಿಖಾಮಣಿಗಳೂ ಇನ್ನೂರು ಟನ್ನಿನ ಲಾರಿಯ ಸಾರಥಿಗಳೂ ಆದ ಅಪ್ಪನವರ ಪಾದಗಳಿಗೆ, ಅಂದರೆ ಬೂಟುಗಳಿಗೆ,

ಮಗಳು ಟ್ಯಾಮ್ಸಿನ್ ಮಾಡುವ ವಿಜ್ಞಾಪನೆ. ಗಣಿಯಲ್ಲಿ ತಾವು ಕ್ಷೇಮವೇ? ಬೆನ್ನು ನೋವು ಹೇಗಿದೆ? ಮೆಸ್ಸಿನಲ್ಲಿ ಗುರುವಾರದ ಮಟನ್ ಈಗಲೂ ಬೂಟಿನ ಅಟ್ಟೆಯ ಹಾಗೇ ಇದೆಯೇ? ಇದ್ದರೆ ಬಹಳ ಸಂತೋಷ. ಇನ್ನೂ ಗಟ್ಟಿಯಾಗಲಿ ಎಂದು ಹಾರೈಸುತ್ತೇನೆ. ಫೋನ್ ಇದ್ದೂ ಕಾಗದ ಯಾಕೆ ಎಂದು ತಾವು ಹುಬ್ಬೇರಿಸಬಹುದು. ನಾವು ಏನು ಕಳಿಸಿದರೂ ತಾವು ತಿರುಗಿ ಕಳಿಸುವುದು ಒಂದು ಹೆಬ್ಬೆಟ್ಟು. "ಅಜ್ಜ ಬಚ್ಚಲಲ್ಲಿ ಬಿದ್ದ" ಅಂತ ಕಳಿಸಿದಾಗಲೂ ಹೆಬ್ಬೆಟ್ಟು. ಕಾಗದದ ಮೇಲೆ ಹೆಬ್ಬೆಟ್ಟು ಒತ್ತಬೇಕಾದರೆ ಇಂಕಾದರೂ ಹುಡುಕಬೇಕಲ್ಲ, ಅಷ್ಟು ಹೊತ್ತು ತಾವು ನಮ್ಮನ್ನು ನೆನೆಯುತ್ತೀರಿ ಎಂಬ ದುರಾಸೆ. ನಾಳೆಯ ವಿಮಾನದಲ್ಲಿ ಹೊರಡುವ, ಗಣಿಯಲ್ಲಿ ತಮ್ಮ ಜೊತೆಗಾರನಾದ ಡೂಗನ್ ಮಾಮನ ಕೈಯಲ್ಲಿ ಇದನ್ನು ಕೊಟ್ಟು ಕಳಿಸುತ್ತಿದ್ದೇನೆ.

ತಮ್ಮ ಗೈರುಹಾಜರಿಯಲ್ಲಿ ಶಿಬಿರಸ್ಥಳ ಆಯ್ಕೆ ಸಮಿತಿ ಮೂರು ಬಾರಿ ಸಭೆ ಸೇರಿತು. ಅಧ್ಯಕ್ಷ ಅಜ್ಜ. ವಿರೋಧ ಪಕ್ಷ, ತಮ್ಮ ಅಕ್ಕ, ನನ್ನ ಲೊರೆಲ್ ಅತ್ತೆ. ಅಮ್ಮ ಬೇಕರಿ ಕೆಲಸ ಮುಗಿಸಿ ಬಂದು ಕೂತಲ್ಲೇ ತೂಕಡಿಸಿದ್ದರಿಂದ ತಟಸ್ಥ. ಕಾರ್ಯದರ್ಶಿ ನಾನು. ಸಮಿತಿಯ ಮುಂದಿದ್ದ ಪ್ರಶ್ನೆ ಒಂದೇ: ಬೇಸಿಗೆಯ ಬೆಂಕಿ ನಿಷೇಧ ಮುಗಿದು ಕಾಡಿನಲ್ಲಿ ಮತ್ತೆ ಕಡ್ಡಿ ಗೀರಬಹುದಾದ ಜೂನ್ ತಿಂಗಳ, ಸೋಮವಾರವೂ ರಜೆಯಿರುವ ಈ ಉದ್ದನೆಯ ವಾರಾಂತ್ಯದಲ್ಲಿ ಅಜ್ಜನನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು? ಸೋಮವಾರ, ಬುಧವಾರ, ಶುಕ್ರವಾರ ಅವನ ರಕ್ತ ತೊಳೆಯುವ ಯಂತ್ರದ ದಿನಗಳು. ಶುಕ್ರವಾರ ಮಧ್ಯಾಹ್ನ ಕುರ್ಚಿಯಿಂದ ಎದ್ದರೆ ಸೋಮವಾರ ಬೆಳಿಗ್ಗೆ ಏಳಕ್ಕೆ ಮತ್ತೆ ಅದೇ ಕುರ್ಚಿ. ಆಸ್ಪತ್ರೆಯ ನರ್ಸ್ ಮರಿಸೆಲ್ ಅಕ್ಕ ಬೆರಳಾಡಿಸಿ ಹೇಳಿದ್ದಳು: "ಒಂದು ಗಂಟೆ ದಾರಿ, ತಾತ. ಅದಕ್ಕಿಂತ ಒಂದು ಕಿಲೋಮೀಟರ್ ಆಚೆ ಹೋದ್ರೂ ನಾನೇ ಬಂದು ಕಿವಿ ಹಿಡ್ಕೊಂಡು ಎಳ್ಕೊಂಡು ಬರ್ತೀನಿ." ಹೀಗಾಗಿ ನಾವು ಪ್ರತಿ ವರ್ಷ ಹೋಗುತ್ತಿದ್ದ, ನಾಲ್ಕು ಗಂಟೆ ದೂರದ ನದಿದಂಡೆ ಮೊದಲ ಸುತ್ತಿನಲ್ಲೇ ಬಿದ್ದುಹೋಯಿತು.

ಅತ್ತೆ ತಂದ ಪ್ರಸ್ತಾವ ಸಮುದ್ರದಂಡೆಯ ಒಂದು ಕ್ಯಾಬಿನ್ ಪಾರ್ಕ್. ಅಲ್ಲಿ ಮಕ್ಕಳು ಕುಣಿಯುವ ಗಾಳಿದಿಂಬು ಇದೆ, ಮೈಕ್ರೋವೇವ್ ಇದೆ, ಬೆಂಕಿ ಮಾತ್ರ ಇಲ್ಲ. ಅಜ್ಜ ಕೇಳಿದ: "ಮೈಕ್ರೋವೇವ್ ನೋಡೋಕೆ ನಾನ್ಯಾಕೆ ಊರು ಬಿಟ್ಟು ಹೋಗ್ಲಿ? ಅಡುಗೆಮನೇಲಿ ಕುರ್ಚಿ ಹಾಕ್ಕೊಂಡ್ರೆ ಸಾಕಲ್ಲ." ಅತ್ತೆ ಬಿಡಲಿಲ್ಲ. "ಕಾಡಲ್ಲಿ ಕಾಲು ಜಾರಿ ಬಿದ್ರೆ ಯಾರಪ್ಪ ಎತ್ತೋರು? ನಾನಾ? ನನ್ನ ಮಂಡೀನೇ ಪ್ಲಾಸ್ಟಿಕ್." ಅಜ್ಜ ತಟ್ಟೆಯಿಂದ ತಲೆಯನ್ನೂ ಎತ್ತದೆ, "ನನ್ನ ಮಗ ಎತ್ತುತ್ತಾನೆ" ಅಂದ. ಈ ವಾಕ್ಯವನ್ನು ದಯವಿಟ್ಟು ಎರಡು ಸಲ ಓದತಕ್ಕದ್ದು.

ವಿರೋಧ ಪಕ್ಷವನ್ನು ಮಣಿಸಲು ಕಾರ್ಯದರ್ಶಿ ಕೊಂಚ ಅಡ್ಡದಾರಿ ಹಿಡಿದದ್ದು ನಿಜ. ಮೂಗು ಹಿಡಿದುಕೊಂಡು ಅತ್ತೆಗೆ ಫೋನ್ ಮಾಡಿ, ನಾನು ಪಾರ್ಕಿನ ಮ್ಯಾನೇಜರು, ತಮ್ಮ ನಾಯಿ ಡಚೆಸ್ ನಮ್ಮಲ್ಲಿ ತಂಗಬೇಕಾದರೆ ಅದರ ನಡತೆ ಬಗ್ಗೆ ಇಬ್ಬರು ಗಣ್ಯರ ಸಹಿಯಿರುವ ಪ್ರಮಾಣಪತ್ರ ಬೇಕು ಎಂದೆ. "ನನ್ನ ಡಚೆಸ್ ನಡತೆ ಕೇಳೋಕೆ ನೀನ್ಯಾವನೋ?" ಎಂದು ಅತ್ತೆ ಆ ಪಾರ್ಕಿನ ಹೆಸರನ್ನೇ ಹೊಡೆದುಹಾಕಿದಳು. ಬೈದದ್ದು ಬೈದು, ಹೆಸರು ಹೊಡೆಯುವ ಮುಂಚೆ ಪಶುವೈದ್ಯರಿಂದ ಒಂದು ಸಹಿ ಮಾಡಿಸಿಕೊಂಡಿದ್ದಳು ಎಂಬುದು ಆಮೇಲೆ ತಿಳಿಯಿತು. ಆ ಪತ್ರ ನನ್ನ ಹತ್ತಿರ ಇದೆ. "ಸೌಮ್ಯ ಸ್ವಭಾವ, ಕರೆದರೆ ಬರುತ್ತದೆ." ತಮ್ಮ ಬಗ್ಗೆ ಯಾವ ವೈದ್ಯರೂ ಹೀಗೆ ಬರೆದುಕೊಡಲಾರರು.

ಕೊನೆಗೆ ಗೆದ್ದದ್ದು ಬೆಟ್ಟದ ಸಾಲಿನ ಟಿನ್‌ಮಗ್ ಹಳ್ಳ. ದೊಡ್ಡ ಮರಗಳು, ಬೆಂಕಿಗೆ ಕಬ್ಬಿಣದ ಬಳೆ, ನಾಯಿಗೂ ಪ್ರವೇಶ, ಮನುಷ್ಯರು ಹೋಗಬಹುದಾದ ಒಂದು ಶೌಚಾಲಯ. ಆರು ತಿಂಗಳ ಹಿಂದೆಯೇ ಭರ್ತಿಯಾಗಿದ್ದ ಜಾಗ ಅದು. ಯಾರಾದರೂ ರದ್ದು ಮಾಡುತ್ತಾರೋ ಎಂದು ನಾಲ್ಕು ದಿನ ಗಣಿತದ ತರಗತಿಯಲ್ಲಿ ಮೇಜಿನ ಕೆಳಗೆ ಫೋನ್ ಇಟ್ಟುಕೊಂಡು ಕಾದು, ಒಂಬತ್ತನೇ ನಂಬರಿನ ಜಾಗ ಹಿಡಿದೆ. ಗಣಿತ ಹೋಯಿತು, ಹಳ್ಳ ಸಿಕ್ಕಿತು. "ಮಂಗಳವಾರದವರೆಗೂ ಬುಕ್ ಮಾಡು" ಅಂದ ಅಜ್ಜ. ಸೋಮವಾರ ನಿನಗೆ ಯಂತ್ರ ಇದೆಯಲ್ಲ ಅಂದರೆ, "ಮಾಡು ಅಂದ್ನಲ್ಲ, ಮಾರಾಯ್ತಿ. ಕಾರ್ಯದರ್ಶಿ ಆದೋಳು ಅಧ್ಯಕ್ಷನ್ನ ಪ್ರಶ್ನೆ ಕೇಳ್ಬಾರ್ದು" ಎಂದು ಬಾಯಿ ಮುಚ್ಚಿಸಿದ. ಮಾಡಿದೆ.

ಇನ್ನು ಈ "ತಾವು" ಸಾಕು. ಕೈ ನೋಯುತ್ತಿದೆ, ಹಲ್ಲು ಕಚ್ಚಿ ಕಚ್ಚಿ ದವಡೆಯೂ ನೋಯುತ್ತಿದೆ.

ಅಪ್ಪಾ, ಮೂರು ವಾರದ ಹಿಂದೆ ಅಜ್ಜ ನಿನಗೆ ಒಂದು ಸಂದೇಶ ಕಳಿಸಿದ. ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಒತ್ತಿ ಕಾಲು ಗಂಟೆ ತೆಗೆದುಕೊಂಡ. "ಉದ್ದ ವಾರಾಂತ್ಯ ಶುಕ್ರವಾರ ಸಂಜೆ ಕ್ಯಾಂಪಲ್ಲಿ ಇರ್ತೀಯಾ ಮಗಾ?" ನಿನ್ನ ಉತ್ತರ ಅರ್ಧ ನಿಮಿಷದಲ್ಲಿ ಬಂತು, ಅದೂ ಅಪರೂಪಕ್ಕೆ ಅಕ್ಷರದಲ್ಲಿ: "ಇರ್ತೀನಿ ಅಪ್ಪ, ಇನ್ನೆಲ್ಲಿಗೆ ಹೋಗ್ಲಿ?" ಅಜ್ಜನ ಮುಖ ನೀನು ನೋಡಬೇಕಿತ್ತು. ಆ ಫೋನನ್ನು ಅವನು ಆಸ್ಪತ್ರೆಗೆ ಒಯ್ದು ಮರಿಸೆಲ್ ಅಕ್ಕನಿಗೆ ತೋರಿಸಿದ, ಪಕ್ಕದ ಕುರ್ಚಿಯ ಮುದುಕನಿಗೆ ತೋರಿಸಿದ, ಚಹಾ ತರುವವಳನ್ನು ಕರೆದು ತೋರಿಸಿದ. "ನೋಡು, ಇನ್ನೆಲ್ಲಿಗೆ ಹೋಗ್ಲಿ ಅಂತಾನೆ. ಅಂದ್ರೆ ಅವನಿಗೂ ಅದೇ ಜಾಗ." ಮೊದಲ ಬೆಂಕಿಗೆ ಎರಡು ಜೊತೆ ಕೈ ಬೇಕು, ಒಬ್ಬ ಹಚ್ಚಬೇಕು ಒಬ್ಬ ಊದಬೇಕು ಅನ್ನುವುದು ಅವನ ಶಾಸ್ತ್ರವಲ್ಲವೇ? ಊದುವ ಉಸಿರು ತನಗಿಲ್ಲ ಎಂದು ಈ ಸಲ ಹಚ್ಚುವ ಕೆಲಸ ಇಟ್ಟುಕೊಂಡು ಊದುವುದನ್ನು ನಿನಗೆ ಬಿಟ್ಟಿದ್ದ.

ನೀನು ಹೇಳಿದ್ದು ಗಣಿಯ ಕ್ಯಾಂಪು! ಆ ತಗಡಿನ ಕೋಣೆಗಳ ಸಾಲಿಗೂ ಕ್ಯಾಂಪು ಅಂತ ಹೆಸರಿಟ್ಟ ಮಹಾನುಭಾವನನ್ನು ನನ್ನ ಮುಂದೆ ತಂದು ನಿಲ್ಲಿಸಿದರೆ ಅವನ ಬೂಟಿನೊಳಗೆ ಏನು ಹಾಕಬೇಕೆಂದು ನನಗೆ ಗೊತ್ತು. ಭಾನುವಾರ ಅತ್ತೆ ಮಾಂಸ ಯಾವುದು ತರಲಿ ಎಂದು ಫೋನ್ ಮಾಡಿದಾಗ ನೀನು ಅಂದದ್ದು ಹೀಗೆ: "ಯಾವ ಕ್ಯಾಂಪೇ? ನಾನಿಲ್ಲೇ ಕ್ಯಾಂಪಲ್ಲಿರೋದು. ಡೂಗನ್ ಪಾಳಿ ನಾನು ತಗೊಂಡೆ, ಅವನಿಗೆ ಮಕ್ಕಳ ಜೊತೆ ಹೋಗೋದಿತ್ತಂತೆ. ವರ್ಷದಲ್ಲಿ ಎಂಟು ತಿಂಗಳು ಕ್ಯಾಂಪಲ್ಲೇ ಸಾಯ್ತೀನಿ, ಮತ್ತೆ ರಜಾದಲ್ಲೂ ಕ್ಯಾಂಪಾ? ಹುಚ್ಚೇನು?" ಫೋನ್ ಮೇಜಿನ ಮೇಲಿತ್ತು. ಸ್ಪೀಕರ್ ಹಾಕಿತ್ತು. ಅಜ್ಜ ಎದುರಿಗೇ ಕೂತು ಕೆಂಡದಲ್ಲಿ ಸುಡುವ ಡ್ಯಾಂಪರ್ ರೊಟ್ಟಿಗೆ ಹಿಟ್ಟು ಜರಡಿ ಹಿಡಿಯುತ್ತಿದ್ದ. ಕೈ ನಿಂತಿತು. ಆಮೇಲೆ ಕಿವಿಯ ಯಂತ್ರವನ್ನು ಬೆರಳಿಂದ ತಟ್ಟಿ, "ಲೈನ್ ಸರಿ ಇಲ್ಲ ಅನ್ಸುತ್ತೆ" ಅಂದ. ಜರಡಿ ಮತ್ತೆ ಅಲ್ಲಾಡಿತು. ಈಗಲೂ ಎಲ್ಲರಿಗೂ ನೀನು ಬರುತ್ತೀಯ ಅಂತಲೇ ಹೇಳುತ್ತಿದ್ದಾನೆ.

ಮತ್ತೊಬ್ಬರ ಮಕ್ಕಳು ಅವರಪ್ಪನ ಜೊತೆ ಡೇರೆ ಹಾಕಲಿ ಅಂತ ನೀನು ಇಲ್ಲಿ ನಿನ್ನಪ್ಪನ ಡೇರೆ ಕಿತ್ತೆ. ಇದನ್ನು ಔದಾರ್ಯ ಅನ್ನುತ್ತಾರಾ? ನಾನು ಬೇರೆ ಪದ ಬರೆದಿದ್ದೆ, ಅಮ್ಮ ಅಳಿಸಲು ಹೇಳಿದಳು. ಅಳಿಸಿದ ಗುರುತಿನ ಮೇಲೆ ಬೆರಳಾಡಿಸಿ ನೋಡು, ಗೊತ್ತಾಗುತ್ತದೆ.

ಇನ್ನೊಂದು ವಿಷಯ. ಸೋಮವಾರ ಅಜ್ಜನ ರಸ್ತೆ ನಕ್ಷೆ ಬಿಚ್ಚಿದೆ. ಅವನು ಚಹಾ ಡಬ್ಬಿಯ ಮುಚ್ಚಳ ಇಟ್ಟು ಒಂದು ಗಂಟೆ ದಾರಿಯ ಗೆರೆ ಎಳೆದುಕೊಂಡಿದ್ದ. ಟಿನ್‌ಮಗ್ ಹಳ್ಳ ಆ ಗೆರೆಯೊಳಗೇ ಇದೆ. ಆದರೆ ವೃತ್ತದ ನಡುವೆ ಚುಕ್ಕಿ ಇದ್ದದ್ದು ಆಸ್ಪತ್ರೆಯ ಮೇಲಲ್ಲ. ವಿಮಾನ ನಿಲ್ದಾಣದ ಮೇಲೆ. ಪಕ್ಕದಲ್ಲಿ ಪೆನ್ಸಿಲಿನಲ್ಲಿ, "ಎರಡೂವರೆಗೆ ಇಳೀತಾನೆ. ಕತ್ತಲಾಗೋ ಮುಂಚೆ ತಲುಪ್ತಾನೆ." ನಾವೆಲ್ಲ ಅವನ ಮೂತ್ರಪಿಂಡಕ್ಕಾಗಿ ಹತ್ತಿರದ ಜಾಗ ಹುಡುಕುತ್ತಿದ್ದರೆ ಅವನು ನಿನಗಾಗಿ ಹುಡುಕುತ್ತಿದ್ದ.

ಆದ್ದರಿಂದ ಸಮಿತಿಯ ಪರವಾಗಿ ಕಾರ್ಯದರ್ಶಿಯ ತೀರ್ಮಾನ: ನೀನು ಬರುವುದು ಬೇಡ. ಲಾರಿಯ ಜೊತೆ ಸುಖವಾಗಿರು. ಹಸಿರು ಬಟ್ಟೆಯ ನಿನ್ನ ಮಡಚು ಕುರ್ಚಿಯನ್ನು, ಲೋಟ ಇಡುವ ತೂತಿನ ಸಮೇತ, ಡಚೆಸ್‌ಗೆ ಮಂಜೂರು ಮಾಡಲಾಗಿದೆ. ಅದು ಈಗಾಗಲೇ ಹತ್ತಿ ಕೂತು ಅಭ್ಯಾಸ ಮಾಡಿಕೊಳ್ಳುತ್ತಿದೆ. ಕರೆದರೆ ಬರುವವರಿಗೆ ಕುರ್ಚಿ.

ಅಮ್ಮನ ಮೌನ, ಅತ್ತೆಯ ಗೊಣಗಾಟ, ಅಜ್ಜನ ಆಶೀರ್ವಾದ ನಿನಗೆ ಸಲ್ಲುತ್ತವೆ. ನನ್ನ ಕಡೆಯಿಂದ ಏನೂ ಇಲ್ಲ, ಬೆನ್ನಿಗೆ ಹಚ್ಚುವ ಮುಲಾಮು ಬಿಟ್ಟರೆ. ಅದನ್ನೂ ಅಮ್ಮನೇ ಇಟ್ಟದ್ದು ಅಂದುಕೋ.

ಇಂತಿ,
ಅನಿವಾರ್ಯವಾಗಿ ನಿನ್ನ ಮಗಳು,
ಟ್ಯಾಮ್ಸಿನ್

ವಿ.ಸೂ.: ಡೂಗನ್ ಮಾಮ ಗೇಟಿನಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಇವತ್ತು ಆಸ್ಪತ್ರೆಯಲ್ಲಿ ಅಜ್ಜನ ಕೋಟು ತರಲು ಹೋಗಿ ವಾಪಸ್ ಬರುವಾಗ ಕೇಳಿಸಿತು. ಮರಿಸೆಲ್ ಅಕ್ಕ, "ಸೋಮವಾರ ರಜಾ ಅಂತ ತಡ ಮಾಡ್ಬೇಡಿ ತಾತ, ಏಳಕ್ಕೆ ಬನ್ನಿ" ಅಂದಳು. ಅಜ್ಜ, "ಆ ಕುರ್ಚಿ ಇನ್ಯಾರಿಗಾದ್ರೂ ಕೊಡಮ್ಮ. ಈ ಶುಕ್ರವಾರ ಆದ್ಮೇಲೆ ನನಗೆ ಬೇಡ. ಡಾಕ್ಟರ್ ಹತ್ರ ಮಾತಾಡಿ ಆಗಿದೆ" ಅಂದ. ಅವಳು ಬೈಯಲಿಲ್ಲ ಅಪ್ಪಾ. ಅವನ ಕೈ ಹಿಡಿದುಕೊಂಡು ಪಕ್ಕದಲ್ಲಿ ಕೂತಳು. ಯಂತ್ರ ಬಿಟ್ಟರೆ ಎಷ್ಟು ದಿನ ಅಂತ ನಿನಗೂ ಗೊತ್ತು. ಕಾರಿನಲ್ಲಿ ನನ್ನಿಂದ ಆಣೆ ಹಾಕಿಸಿಕೊಂಡ: "ನಿಮ್ಮಪ್ಪನಿಗೆ ಹೇಳ್ಬೇಡ. ಬರೋದಾದ್ರೆ ಕ್ಯಾಂಪಿಗೆ ಅಂತ ಬರ್ಲಿ, ನನ್ನ ನೋಡೋಕೆ ಅಂತ ಬರೋದು ಬೇಡ." ನಾನು ಹೇಳಿಲ್ಲ, ಬರೆದಿದ್ದೇನೆ. ಡೂಗನ್ ಮಾಮನಿಗೂ ಹೇಳಿಲ್ಲ. ಅವನ ಬಾಗಿಲಲ್ಲಿ ನಿಂತು ನಾಳೆ ಗಣಿಗೆ ಒಂದು ಕಾಗದ ಒಯ್ಯೋಕೆ ಯಾರಾದರೂ ಹೋಗ್ತಾರಾ ಅಂದೆ, ಅಷ್ಟೇ. ನನ್ನ ಮುಖ ನೋಡಿ, "ನಾನೇ ಹೋಗ್ತೀನಿ, ನನ್ನ ಪಾಳಿ ನನಗೇ ಇರ್ಲಿ" ಅಂದ. ಶುಕ್ರವಾರದ ವಿಮಾನ ಹತ್ತು. ಒಂಬತ್ತನೇ ನಂಬರು. ಅಜ್ಜನ ಮುಂದೆ ಕ್ಯಾಂಪಿಗೆ ಬಂದವನ ಹಾಗೇ ಇರು, ಚಳಿ ಅಂತ ಗೊಣಗು, ಬೆಂಕಿ ಊದು. ನಾಯಿಯನ್ನು ಕೆಳಗಿಳಿಸಿದ್ದೇನೆ, ಕುರ್ಚಿಯ ಕೂದಲು ಒರೆಸುತ್ತಿದ್ದೇನೆ.