ಅಬೆನಾಳ ತಲೆ ಬಾಚಿದವರು

ನೀಲಾ,

ಇವತ್ತು ನಿನ್ನ ಮಗಳು ತಲೆ ಬಾಚಿಸಿಕೊಳ್ಳುತ್ತಲೇ ನಿದ್ದೆ ಹೋದಳು.

ಅಪಘಾತದಲ್ಲಿ ನೀನೂ ನಿನ್ನ ಗಂಡ ಕ್ವಾಮೆಯೂ ಹೋಗಿ, ಅಬೆನಾ ನಮ್ಮಲ್ಲಿಗೆ ಬಂದು ಎಂಟು ತಿಂಗಳಾಯಿತು. ದಿನಾ ಬೆಳಿಗ್ಗೆ ಕೊಬ್ಬರಿ ಎಣ್ಣೆ ಹಚ್ಚಿ, ಅವ್ವ ನಮಗೆ ಬಾಚುತ್ತಿದ್ದ ಹಾಗೆ ಬುಡದಿಂದಲೇ ಬಾಚಣಿಗೆ ಎಳೆಯುತ್ತಿದ್ದೆ. ಅವಳು ಚೀರುತ್ತಿದ್ದಳು. “ಸುಮ್ನ ಕುಂದ್ರು, ಹಟ ಮಾಡಬ್ಯಾಡ” ಎಂದು ಎರಡು ಸಲ ಹೊಡೆದೂ ಬಿಟ್ಟೆ.

ಮಕ್ಕಳ ಯೋಗಕ್ಷೇಮ ನೋಡುವ ಯುಗೆಂಡ್‌ಆಮ್ಟ್ ಕಚೇರಿಯವರು ಇವತ್ತು ಎಫುವಾ ಎಂಬವರನ್ನು ಮನೆಗೆ ಕಳಿಸಿದ್ದರು. ಕ್ವಾಮೆಯಂತೆಯೇ ಘಾನಾದವರು. ಅಬೆನಾಳ ಗುಂಗುರು ಕೂದಲು ಒದ್ದೆ ಮಾಡಿ, ಬೆರಳಿನಿಂದ ಸಿಕ್ಕು ಬಿಡಿಸಿ, ತುದಿಯಿಂದ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಬಾಚಿದರು.

“ಮಮ್ಮಿನೂ ಹಿಂಗೇ ಮಾಡ್ತಿದ್ಲು” ಎಂದು ಅಬೆನಾ ಜರ್ಮನ್‌ನಲ್ಲಿ ಹೇಳಿ, ಅವರ ಮೊಣಕಾಲಿಗೆ ಒರಗಿ ಮಲಗಿಬಿಟ್ಟಳು.

“ನಿಮ್ಮ ತಂಗಿ ಇವಳ ತಲೆ ಬಾಚೋದನ್ನ ನೀವು ಒಮ್ಮೆಯೂ ನೋಡಿಲ್ವಾ?” ಎಂದು ಎಫುವಾ ಕೇಳಿದರು. ಬೈಯಲಿಲ್ಲ, ಸುಮ್ಮನೆ ಕೇಳಿದರು.

“ಅವರಿದ್ದದ್ದು ಕಲೋನ್‌ನಲ್ಲಿ. ಫ್ರಾಂಕ್‌ಫರ್ಟಿನಿಂದ ದೂರ” ಅಂದೆ.

ರೈಲಿನಲ್ಲಿ ಬರೀ ಒಂದು ತಾಸು. ನಮ್ಮ ಮನೆಯವರ ಕಂಪ್ಯೂಟರ್ ಕೆಲಸಕ್ಕೆ ಜರ್ಮನಿ ಕೊಟ್ಟ ಗ್ರೀನ್ ಕಾರ್ಡಿನ ಮೇಲೆ ನಾವು ಇಲ್ಲಿಗೆ ಬಂದು ಆಗಲೇ ಮೂರು ವರ್ಷ ಆಗಿತ್ತು. ನಾನು ಮೊದಲ ಸಲ ಆ ರೈಲು ಹತ್ತಿದ್ದು ನಿನ್ನ ಮಣ್ಣಿಗೆ.